ಎಫ್1, ಇಂಡಿಕಾರ್, ಸೂಪರ್ ಫಾರ್ಮುಲಾ, ಫಾರ್ಮುಲಾ ಇ: ಯಾವ ಕಾರು ಎಲ್ಲಿ ಮುಂದು, ನೀವು ಯಾವುದನ್ನು ನೋಡಬೇಕು?

ಚಕ್ರಗಳು ಬಾಡಿಯಿಂದ ಹೊರಗೆ ಚಾಚಿಕೊಂಡಿರುವ (ಓಪನ್ ವೀಲ್), ಒಬ್ಬರೇ ಕೂರುವ ರೇಸ್ ಕಾರುಗಳಲ್ಲಿ ಅತಿ ವೇಗದ್ದು ಯಾವುದು? ಈ ಪ್ರಶ್ನೆಗೆ ಮೂರು ಉತ್ತರಗಳಿವೆ, ಮೂರೂ ನಿಜ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟುವುದರಲ್ಲಿ ವಿದ್ಯುತ್ ಕಾರುಗಳ ಸರಣಿ ಫಾರ್ಮುಲಾ ಇ ಮುಂದಿದೆ. ಒಂದು ಪೂರ್ತಿ ಲ್ಯಾಪ್‌ನ ಸರಾಸರಿ ವೇಗ ನೋಡಿದರೆ, ಇಂಡಿಯಾನಾಪೊಲಿಸ್ ಓವಲ್ (ಅಂಡಾಕಾರದ ಟ್ರ್ಯಾಕ್) ಮೇಲೆ ಓಡುವ ಅಮೆರಿಕದ ಇಂಡಿಕಾರ್ ಹತ್ತಿರ ಯಾವುದೂ ಸುಳಿಯುವುದಿಲ್ಲ. ಎಡಕ್ಕೂ ಬಲಕ್ಕೂ ತಿರುಗುವ ಮಾಮೂಲಿ ಟ್ರ್ಯಾಕ್‌ಗೆ ಎಲ್ಲವನ್ನೂ ಇಳಿಸಿದರೆ ಎಫ್1 ಉಳಿದವನ್ನು ಸುಲಭವಾಗಿ ಹಿಂದೆ ಹಾಕುತ್ತದೆ.

ಇಷ್ಟು ಗೊತ್ತಾದ ಮಾತ್ರಕ್ಕೆ ಯಾವ ಸರಣಿಗೆ ನಿಮ್ಮ ಭಾನುವಾರ ಕೊಡಬೇಕು ಅನ್ನೋದು ತೀರ್ಮಾನ ಆಗುವುದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾರಿನ ಸಾಮರ್ಥ್ಯ ಅಳೆಯಲು ಟಾಪ್ ಸ್ಪೀಡ್ ಬೇಡ, ಎಚ್‌ಪಿ (ಎಂಜಿನ್‌ನ ಅಶ್ವಶಕ್ತಿ) ಲೆಕ್ಕವೂ ಬೇಡ. ಒಂದೇ ಟ್ರ್ಯಾಕ್‌ನಲ್ಲಿ ಒಂದು ಸುತ್ತು ಹಾಕಲು ಎಷ್ಟು ಸಮಯ ಬೇಕಾಯಿತು ಅನ್ನೋದು ಸಾಕು. ಆದರೆ ನೋಡಲು ರೇಸ್ ಆರಿಸುವಾಗ ಆ ಸಮಯ ಒಂದೇ ಸಾಲದು. ಅತಿ ವೇಗದ ಕಾರುಗಳು ಎಷ್ಟೋ ಸಲ ಸಪ್ಪೆ ರೇಸ್ ಕೊಡುತ್ತವೆ. ಆ ವೇಗ ಎಲ್ಲಿಂದ ಬರುತ್ತದೋ, ಆ ಸಪ್ಪೆತನವೂ ಅಲ್ಲಿಂದಲೇ ಬರುತ್ತದೆ.

ಒಂದೇ ಟ್ರ್ಯಾಕ್, ಬೇರೆ ಬೇರೆ ಕಾರು

2019ರಲ್ಲಿ ಹೋಲಿಕೆಗೆ ಒಂದು ಒಳ್ಳೆಯ ಅವಕಾಶ ಸಿಕ್ಕಿತು. ಅಮೆರಿಕದ ಆಸ್ಟಿನ್ ನಗರದ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನಲ್ಲಿ ಮಾರ್ಚ್‌ನಲ್ಲಿ ಇಂಡಿಕಾರ್ ಓಡಿತು, ನವೆಂಬರ್‌ನಲ್ಲಿ ಎಫ್1 ಓಡಿತು. ಟ್ರ್ಯಾಕ್ ಅದೇ, ಉದ್ದ 5.513 ಕಿ.ಮೀ. ಇಂಡಿಕಾರ್‌ನಲ್ಲಿ ವಿಲ್ ಪವರ್ 1 ನಿಮಿಷ 46.0177 ಸೆಕೆಂಡ್‌ನಲ್ಲಿ ಪೋಲ್ ಪಡೆದರು, ಅಂದರೆ ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಮೊದಲ ಜಾಗ. ಎಫ್1ನಲ್ಲಿ ವಾಲ್ಟೇರಿ ಬೊಟಾಸ್ 1 ನಿಮಿಷ 32.029 ಸೆಕೆಂಡ್‌ನಲ್ಲಿ ಪಡೆದರು. ಅಂತರ 14 ಸೆಕೆಂಡ್. ಸರಾಸರಿ ವೇಗಕ್ಕೆ ತಿರುಗಿಸಿದರೆ ಒಂದು ಗಂಟೆಗೆ ಸುಮಾರು 187 ಕಿ.ಮೀ., ಇನ್ನೊಂದು ಸುಮಾರು 216 ಕಿ.ಮೀ. ಇದೇ ವೇಗದಲ್ಲಿ ಎರಡನ್ನೂ ಒಟ್ಟಿಗೆ ಓಡಿಸಿದರೆ, ಎಫ್1 ಕಾರು ಎಂಟು ಲ್ಯಾಪ್ ಮುಗಿಸುವಷ್ಟರಲ್ಲಿ ಇಂಡಿಕಾರ್‌ಗಿಂತ ಒಂದು ಪೂರ್ತಿ ಲ್ಯಾಪ್ ಮುಂದಿರುತ್ತದೆ.

ಈ ಅಂತರ ಯಾವಾಗಲೂ ಇಷ್ಟು ದೊಡ್ಡದಿರಲಿಲ್ಲ. 2002ರಲ್ಲಿ ಮಾಂಟ್ರಿಯಲ್‌ನಲ್ಲಿ ಎಫ್1 ಮತ್ತು ಇಂಡಿಕಾರ್‌ನಂಥದ್ದೇ ಕಾರುಗಳ ಅಮೆರಿಕದ ಆಗಿನ ಕಾರ್ಟ್ (CART) ಸರಣಿ ಒಂದೇ ಬೇಸಿಗೆಯಲ್ಲಿ ಓಡಿದವು. ಎಫ್1 ಪೋಲ್ ಹ್ವಾನ್ ಪಾಬ್ಲೊ ಮೊಂಟೋಯಾ ಅವರದ್ದು, 1:12.836. ಕಾರ್ಟ್ ಪೋಲ್ ಕ್ರಿಸ್ಟಿಯಾನೊ ಡ ಮಟಾ ಅವರದ್ದು, 1:18.959. ಅಂದರೆ ಆರು ಸೆಕೆಂಡ್ ಅಷ್ಟೇ. ಆಮೇಲೆ ಎಫ್1 ತಂಡಗಳು ಗಾಳಿಯ ವಿಜ್ಞಾನಕ್ಕೆ ಸುರಿದ ಹಣ ಎಷ್ಟಿತ್ತು ಅಂದರೆ, ಖರ್ಚು ಹಿಡಿತದಲ್ಲಿಟ್ಟುಕೊಂಡ ಉಳಿದ ಸರಣಿಗಳು ಆ ದಾರಿಯಲ್ಲಿ ಹೋಗಲೇ ಇಲ್ಲ.

ಇಂಥ ಹೋಲಿಕೆ ನೀವೇ ಮಾಡುವುದಾದರೆ ಕೆಲವು ಎಚ್ಚರಿಕೆ ಬೇಕು. ಪೋಲ್ ಸಮಯವನ್ನು ಪೋಲ್ ಸಮಯದ ಜೊತೆಗೇ ಇಡಿ. ರೇಸ್ ಲ್ಯಾಪ್ ಜೊತೆ ಇಟ್ಟರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ರೇಸ್‌ನಲ್ಲಿ ಟ್ಯಾಂಕ್ ತುಂಬಾ ಇಂಧನ ಇರುತ್ತದೆ, ಟೈರ್ ಸವೆದಿರುತ್ತದೆ. ಟ್ರ್ಯಾಕ್‌ನ ನಕ್ಷೆ ಅದೇ ಇದೆಯಾ, ಮಳೆ ಇತ್ತಾ, ವರ್ಷ ಹತ್ತಿರ ಹತ್ತಿರ ಇದೆಯಾ ನೋಡಿ. ಆಸ್ಟಿನ್‌ನಲ್ಲೇ ಇಂಡಿಕಾರ್ ಚಾಲಕರಿಗೆ 19ನೇ ತಿರುವಿನಲ್ಲಿ ಟ್ರ್ಯಾಕ್‌ನ ಬಿಳಿ ಗೆರೆ ದಾಟಿ ಅಗಲವಾಗಿ ಹೋಗಲು ಬಿಟ್ಟಿದ್ದರು. ಎಫ್1ನಲ್ಲಿ ಹಾಗೆ ಬಿಡುವುದಿಲ್ಲ. ಸೆಕೆಂಡಿಗಿಂತ ಶೇಕಡಾವಾರು ಲೆಕ್ಕ ಒಳ್ಳೆಯದು, ಆಗ ಬೇರೆ ಬೇರೆ ಉದ್ದದ ಟ್ರ್ಯಾಕ್‌ಗಳನ್ನೂ ಒಂದು ಅಂದಾಜಿಗೆ ಜೋಡಿಸಿ ನೋಡಬಹುದು. ಆಸ್ಟಿನ್‌ನಲ್ಲಿ ಇಂಡಿಕಾರ್ 15% ನಿಧಾನ ಇತ್ತು.

ಈಗ ಜಪಾನಿನ ಸುಜುಕಾಗೆ ಬನ್ನಿ. 5.807 ಕಿ.ಮೀ. ಉದ್ದದ ಈ ಟ್ರ್ಯಾಕ್‌ನಲ್ಲಿ 2025ರಲ್ಲಿ ಮ್ಯಾಕ್ಸ್ ವರ್ಸ್ಟಾಪನ್ 1:26.983ರಲ್ಲಿ ಪೋಲ್ ಪಡೆದರು. ಜಪಾನಿನದ್ದೇ ಸರಣಿಯಾದ ಸೂಪರ್ ಫಾರ್ಮುಲಾದ ಕಾರುಗಳು ಇಲ್ಲಿ ಒಳ್ಳೆಯ ದಿನದಲ್ಲಿ 1 ನಿಮಿಷ 34ರಿಂದ 36 ಸೆಕೆಂಡಿನ ಒಳಗೆ ಬರುತ್ತವೆ. ಅಂದರೆ ಸುಮಾರು 8-10% ನಿಧಾನ. ಎಫ್1ನಲ್ಲಿ 107% ನಿಯಮ ಅಂತ ಒಂದಿದೆ: ಕ್ವಾಲಿಫೈಯಿಂಗ್‌ನ ಮೊದಲ ಹಂತದ ಅತಿ ವೇಗದ ಸಮಯದ 107% ಒಳಗೆ ಬಾರದವರಿಗೆ ರೇಸ್‌ನಲ್ಲಿ ಜಾಗ ಸಿಗಲು ವಿಶೇಷ ಅನುಮತಿ ಬೇಕು. ಸುಜುಕಾದಲ್ಲಿ ಸೂಪರ್ ಫಾರ್ಮುಲಾ ಆ ಗೆರೆಯ ತೀರಾ ಹತ್ತಿರ ಬಂದು ನಿಲ್ಲುತ್ತದೆ. ಇಂದಿನ ಬೇರೆ ಯಾವ ಓಪನ್ ವೀಲ್ ಕಾರೂ ಮಾಮೂಲಿ ಟ್ರ್ಯಾಕ್‌ನಲ್ಲಿ ಎಫ್1ಗೆ ಇಷ್ಟು ಹತ್ತಿರ ಬರುವುದಿಲ್ಲ.

ಇಟಲಿಯ ಮೊಂಜಾದಲ್ಲಿ 2025ರಲ್ಲಿ ವರ್ಸ್ಟಾಪನ್ ಹಾಕಿದ 1:18.792 ಎಫ್1 ಇತಿಹಾಸದಲ್ಲೇ ಅತಿ ವೇಗದ ಲ್ಯಾಪ್. ಸರಾಸರಿ ಗಂಟೆಗೆ 264.681 ಕಿ.ಮೀ. ಅದೇ ಟ್ರ್ಯಾಕ್‌ನಲ್ಲಿ ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2 ಕಾರುಗಳು 1 ನಿಮಿಷ 32 ಸೆಕೆಂಡಿನ ಆಸುಪಾಸಿನಲ್ಲಿರುತ್ತವೆ, ಅದಕ್ಕೂ ಕೆಳಗಿನ ಎಫ್3 ಕಾರುಗಳು 1 ನಿಮಿಷ 38ರ ಆಸುಪಾಸು. ಎಫ್2 ಸುಮಾರು 17% ನಿಧಾನ ಅಂತಾಯಿತು.

ಇಲ್ಲೊಂದು ವಿಚಿತ್ರ ಗಮನಿಸಿದಿರಾ? ಎಫ್2 ಎಂಜಿನ್ 3.4 ಲೀಟರಿನ ವಿ6 ಟರ್ಬೊ, ಸುಮಾರು 620 ಎಚ್‌ಪಿ. ಸೂಪರ್ ಫಾರ್ಮುಲಾದ್ದು 2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ, ಸುಮಾರು 550 ಎಚ್‌ಪಿ. ಎಚ್‌ಪಿ ಕಡಿಮೆ ಇರುವ ಕಾರೇ ಎಫ್1ಗೆ ಎಷ್ಟೋ ಹತ್ತಿರ ಇದೆ. ಟ್ರ್ಯಾಕ್ ಬೇರೆ ಬೇರೆ ಅನ್ನೋದನ್ನು ಲೆಕ್ಕಕ್ಕೆ ತಗೊಂಡರೂ ಈ ವ್ಯತ್ಯಾಸ ಉಳಿಯುತ್ತದೆ. ಹಾಗಾದರೆ ವೇಗ ಬರುವುದು ಎಲ್ಲಿಂದ?

ತಿರುವಿನಲ್ಲಿ ಸಿಗುವ ವೇಗ

ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಗಿಟ್ಟು ಅಂಗೈಯನ್ನು ಸ್ವಲ್ಪ ಓರೆ ಮಾಡಿದರೆ ಗಾಳಿ ಅದನ್ನು ಮೇಲಕ್ಕೋ ಕೆಳಕ್ಕೋ ದೂಡುತ್ತದೆ. ರೇಸ್ ಕಾರಿನ ರೆಕ್ಕೆಗಳು, ತಳದ ಆಕಾರ ಎಲ್ಲವೂ ಇದೇ ಗಾಳಿಯನ್ನು ಬಳಸಿ ಕಾರನ್ನು ನೆಲಕ್ಕೆ ಒತ್ತುತ್ತವೆ. ಇದನ್ನೇ ಡೌನ್‌ಫೋರ್ಸ್ ಅನ್ನುತ್ತಾರೆ. ಒತ್ತಡ ಜಾಸ್ತಿ ಆದರೆ ಟೈರ್‌ನ ಹಿಡಿತ ಜಾಸ್ತಿ, ಆದರೆ ಕಾರಿನ ತೂಕ ಒಂದು ಗ್ರಾಮೂ ಹೆಚ್ಚಾಗಿರುವುದಿಲ್ಲ. ವೇಗ ಎರಡು ಪಟ್ಟಾದರೆ ಡೌನ್‌ಫೋರ್ಸ್ ನಾಲ್ಕು ಪಟ್ಟಾಗುತ್ತದೆ.

ಇದರ ಪರಿಣಾಮ ನೋಡಿ. ಮೊನಾಕೊದ ಹೇರ್‌ಪಿನ್ ತಿರುವಿನಲ್ಲಿ ಎಲ್ಲ ಕಾರುಗಳೂ ತೆವಳುತ್ತವೆ. ಅಲ್ಲಿ ಗಾಳಿಗೆ ಕೆಲಸವೇ ಇಲ್ಲ, ಎಫ್1ಗೂ ಎಫ್3ಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಸುಜುಕಾದ ಮೊದಲ ಭಾಗದಲ್ಲಿ ಒಂದರ ಹಿಂದೆ ಒಂದು ಬರುವ ಎಸ್ ತಿರುವುಗಳಲ್ಲಿ ಮಾತ್ರ ಗಾಳಿಯೇ ಎಲ್ಲ. ಸೂಪರ್ ಫಾರ್ಮುಲಾ ಕಾರು ಚಾಲಕನೂ ಸೇರಿ 700 ಕಿಲೋಗಿಂತ ಕಡಿಮೆ ತೂಗುತ್ತದೆ. 2025ರ ಎಫ್1 ಕಾರಿನ ಕನಿಷ್ಠ ತೂಕ 800 ಕಿಲೋ. ಹಗುರ ಕಾರು, ಒಳ್ಳೆಯ ಡೌನ್‌ಫೋರ್ಸ್, ಗಟ್ಟಿ ಹಿಡಿತದ ಯೊಕೊಹಾಮಾ ಟೈರ್. ಈ ಮೂರೂ ಸೇರಿ ಎಂಜಿನ್‌ನ ಕೊರತೆಯನ್ನು ತಿರುವುಗಳಲ್ಲಿ ತುಂಬಿಕೊಡುತ್ತವೆ.

ಎಫ್1ಗೆ ಎರಡೂ ಇದೆ: ಸುಮಾರು 1000 ಎಚ್‌ಪಿ, ಅದರ ಜೊತೆ ಬೇರೆ ಯಾರಿಗೂ ಇಲ್ಲದಷ್ಟು ಡೌನ್‌ಫೋರ್ಸ್. ಹಾಗಾಗಿ ನೇರ ರಸ್ತೆಯಲ್ಲೂ ಮುಂದೆ, ತಿರುವಿನಲ್ಲೂ ಮುಂದೆ, ಬ್ರೇಕ್ ಹಾಕುವಾಗಂತೂ ಇನ್ನೂ ಮುಂದೆ. ಟಿವಿಯಲ್ಲಿ ಮೊದಲ ಸಲ ನೋಡುವವರಿಗೆ ಎಫ್1ನ ಬ್ರೇಕಿಂಗ್ ಗಮನಕ್ಕೆ ಬರುವುದೇ ಇಲ್ಲ. ಟ್ರ್ಯಾಕ್ ಪಕ್ಕದ 150 ಮೀಟರ್, 100 ಮೀಟರ್ ಫಲಕಗಳನ್ನು ನೋಡುತ್ತಾ ಇರಿ. 300ಕ್ಕೂ ಮೇಲಿನ ವೇಗದಿಂದ ಕಾರು 100 ಮೀಟರ್ ಫಲಕದ ಹತ್ತಿರ ಬಂದರೂ ಚಾಲಕ ಇನ್ನೂ ಬ್ರೇಕ್ ಮುಟ್ಟಿರುವುದಿಲ್ಲ. ನನಗೆ ಎಫ್1 ಕಾರಿನ ಅತಿ ದೊಡ್ಡ ಬೆರಗು ಅದೇ.

ಈ ಡೌನ್‌ಫೋರ್ಸ್‌ಗೆ ಬೆಲೆಯೂ ಇದೆ. ಮುಂದಿನ ಕಾರು ಗಾಳಿಯನ್ನು ಕದಡಿ ಹಿಂದಕ್ಕೆ ಬಿಡುತ್ತದೆ. ಹಿಂದಿನ ಕಾರಿಗೆ ಆ ಕದಡಿದ ಗಾಳಿಯಲ್ಲಿ ಒತ್ತಡ ಸಿಗುವುದಿಲ್ಲ, ತಿರುವಿನಲ್ಲಿ ಜಾರುತ್ತದೆ, ಟೈರ್ ಬಿಸಿಯಾಗಿ ಹಾಳಾಗುತ್ತದೆ. ಕಾರು ಗಾಳಿಯನ್ನು ನಂಬಿದಷ್ಟೂ ಹತ್ತಿರ ಹಿಂಬಾಲಿಸುವುದು ಕಷ್ಟ. 2024ರ ಮೊನಾಕೊ ಎಫ್1 ರೇಸ್‌ನಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಬಂದು ಮುಟ್ಟಿದರು. ಎಫ್1 ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಅಲ್ಲಿ ಬೀದಿ ಕಿರಿದು, ಕಾರು ಎರಡು ಮೀಟರ್ ಅಗಲ, ಅದೂ ಒಂದು ಕಾರಣ. ಆದರೆ ಅದೇ ಬೀದಿಯಲ್ಲಿ 2023ರ ಫಾರ್ಮುಲಾ ಇ ರೇಸ್‌ನಲ್ಲಿ ನಿಕ್ ಕ್ಯಾಸಿಡಿ ಒಂಬತ್ತನೇ ಜಾಗದಿಂದ ಹೊರಟು ಗೆದ್ದರು.

ಫಾರ್ಮುಲಾ ಇ: ಅರ್ಧ ಲೆಕ್ಕ ನೋಡಿ ಮರುಳಾಗಬೇಡಿ, ಅರ್ಧ ಲೆಕ್ಕ ನೋಡಿ ಬಿಡಲೂಬೇಡಿ

ಈಗಿನ ಜೆನ್3 ಇವೊ ಕಾರು 0ಯಿಂದ 100 ಕಿ.ಮೀ. ಮುಟ್ಟಲು 1.86 ಸೆಕೆಂಡ್ ಸಾಕು ಅಂತ ಸಂಘಟಕರ ಲೆಕ್ಕ. ಎಫ್1ಗೆ ಸುಮಾರು 2.6 ಸೆಕೆಂಡ್ ಬೇಕು. ವಿದ್ಯುತ್ ಮೋಟಾರ್‌ಗೆ ಎಂಜಿನ್‌ನಂತೆ ವೇಗ ಏರುವವರೆಗೆ ಕಾಯಬೇಕಿಲ್ಲ, ಪೂರ್ತಿ ಬಲ ನಿಂತಲ್ಲೇ ಸಿಗುತ್ತದೆ. ಜೊತೆಗೆ ರೇಸ್ ಶುರುವಾಗುವಾಗ, ಕ್ವಾಲಿಫೈಯಿಂಗ್‌ನ ಕೊನೆಯ ಸುತ್ತುಗಳಲ್ಲಿ ಮತ್ತು ಅಟ್ಯಾಕ್ ಮೋಡ್‌ನಲ್ಲಿ (ರೇಸ್ ನಡುವೆ ಸ್ವಲ್ಪ ಹೊತ್ತು ಹೆಚ್ಚು ಬಲ ಸಿಗುವ ಅವಕಾಶ) ನಾಲ್ಕೂ ಚಕ್ರಕ್ಕೆ ಬಲ ಹೋಗುತ್ತದೆ.

ಆದರೆ ಮೊನಾಕೊದಲ್ಲಿ ಒಂದು ಲ್ಯಾಪ್ ಹಾಕಿಸಿ ನೋಡಿ. 2025ರಲ್ಲಿ ಲ್ಯಾಂಡೊ ನಾರಿಸ್ ಎಫ್1 ಪೋಲ್ ಪಡೆದದ್ದು 1:09.954ರಲ್ಲಿ. ಜೆನ್3 ಫಾರ್ಮುಲಾ ಇ ಕಾರುಗಳು ಅಲ್ಲಿ 1 ನಿಮಿಷ 26ರಿಂದ 30 ಸೆಕೆಂಡಿನ ನಡುವೆ ಇರುತ್ತವೆ. ಎಫ್2 ಕಾರುಗಳು 1 ನಿಮಿಷ 21ರ ಆಸುಪಾಸು. ಅಂದರೆ 100ರವರೆಗೆ ಎಫ್1ನ್ನು ಸೋಲಿಸುವ ಕಾರು, ಒಂದು ಲ್ಯಾಪ್ ಮುಗಿಯುವಷ್ಟರಲ್ಲಿ 16 ಸೆಕೆಂಡಿಗೂ ಜಾಸ್ತಿ ಹಿಂದೆ. ಕಾರಣ ಸರಳ. ಬ್ಯಾಟರಿ ತೂಕ ಹೆಚ್ಚು, ಡೌನ್‌ಫೋರ್ಸ್ ಬೇಕಂತಲೇ ಕಡಿಮೆ ಇಟ್ಟಿದ್ದಾರೆ. ಟೈರ್ ಕೂಡ ರಸ್ತೆ ಕಾರಿನಂತೆ ಗೀರುಗಳಿರುವ ಹ್ಯಾಂಕೂಕ್ ಟೈರ್, ಮಳೆಗೂ ಬಿಸಿಲಿಗೂ ಅದೇ.

ಇದರ ಸಾಮರ್ಥ್ಯ ಇರುವುದು ಬೇರೆ ಕಡೆ. ಬ್ರೇಕ್ ಹಾಕಿದಾಗ ಮುಂದಿನ ಮೋಟಾರ್‌ನಿಂದ 250 ಕಿಲೋವಾಟ್, ಹಿಂದಿನದರಿಂದ 350 ಕಿಲೋವಾಟ್, ಒಟ್ಟು 600 ಕಿಲೋವಾಟ್‌ವರೆಗೆ ಶಕ್ತಿ ಬ್ಯಾಟರಿಗೆ ವಾಪಸ್ ಹೋಗಬಲ್ಲದು. ರೇಸ್‌ನಲ್ಲಿ ಖರ್ಚಾಗುವ ಶಕ್ತಿಯಲ್ಲಿ ಸುಮಾರು 40% ಹೀಗೆ ಹಿಂದಕ್ಕೆ ಬಂದದ್ದೇ. ಹಾಗಾಗಿ ಚಾಲಕರು ಒಬ್ಬರ ಹಿಂದೆ ಒಬ್ಬರು ಅಡಗಿ ಗಾಳಿಯ ತಡೆ ತಪ್ಪಿಸಿಕೊಂಡು, ಶಕ್ತಿ ಉಳಿಸಿ, ಕೊನೆಯಲ್ಲಿ ನುಗ್ಗುತ್ತಾರೆ. ಕೆಲವು ರೇಸ್‌ಗಳಲ್ಲಿ ಯಾರೂ ಮುಂದೆ ಇರಲು ಇಷ್ಟಪಡುವುದಿಲ್ಲ, ಅದು ನೋಡಲು ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ಯಾರು ಗೆಲ್ಲುತ್ತಾರೆ ಅಂತ ಕೊನೆಯವರೆಗೆ ಹೇಳಲಾಗದ ಸರಣಿ ಬೇಕು ಅಂದರೆ ಇದು ಒಳ್ಳೆಯ ಆಯ್ಕೆ. ಮಹೀಂದ್ರಾ ತಂಡ 2014ರ ಮೊದಲ ಸೀಸನ್‌ನಿಂದಲೂ ಇದರಲ್ಲಿದೆ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ಪಕ್ಕದಲ್ಲೇ ರೇಸ್ ನಡೆಯಿತು, ಜಾನ್ ಎರಿಕ್ ವೆರ್ನ್ ಗೆದ್ದರು.

ಇಂಡಿಕಾರ್: ಒಂದು ಕಾರು, ಎರಡು ಸ್ವಭಾವ

ಆಸ್ಟಿನ್‌ನ 14 ಸೆಕೆಂಡ್ ನೋಡಿ ಇಂಡಿಕಾರ್‌ನ್ನು ತಳ್ಳಿಹಾಕಿದರೆ ದೊಡ್ಡ ನಷ್ಟ ನಿಮ್ಮದೇ. ಈ ಕಾರನ್ನು ಎಫ್1 ಕಾರಿನ ಹಾಗೆ ಒಂದೇ ಬಗೆಯ ಟ್ರ್ಯಾಕ್‌ಗೆ ಕಟ್ಟಿಲ್ಲ. ಬೀದಿ ಟ್ರ್ಯಾಕ್, ಮಾಮೂಲಿ ಸರ್ಕ್ಯೂಟ್, ಚಿಕ್ಕ ಓವಲ್, ದೊಡ್ಡ ಓವಲ್ ಎಲ್ಲಕ್ಕೂ ಡಲಾರಾ ಕಂಪನಿ ಕಟ್ಟಿದ ಅದೇ ಕಾರು. 2012ರಲ್ಲಿ ಬಂದ ಈ ಕಾರಿಗೆ ಅದನ್ನು ಪರೀಕ್ಷಿಸಿದ, ಆಮೇಲೆ ಲಾಸ್ ವೇಗಸ್ ರೇಸ್‌ನಲ್ಲಿ ತೀರಿಕೊಂಡ ಡ್ಯಾನ್ ವೆಲ್ಡನ್ ಅವರ ನೆನಪಿಗೆ ಡಿಡಬ್ಲ್ಯು12 ಅಂತ ಹೆಸರಿಟ್ಟರು. 2.2 ಲೀಟರಿನ ವಿ6 ಟರ್ಬೊ ಎಂಜಿನ್ ಶೆವ್ರೊಲೆಟ್ ಅಥವಾ ಹೊಂಡಾದ್ದು. ಟ್ರ್ಯಾಕ್‌ಗೆ ತಕ್ಕಂತೆ ಟರ್ಬೊ ಒತ್ತಡ ಬದಲಾಯಿಸುತ್ತಾರೆ, ಅದರಂತೆ ಬಲ 550ರಿಂದ 700 ಎಚ್‌ಪಿವರೆಗೆ. 2024ರ ಜುಲೈನಿಂದ ಹೈಬ್ರಿಡ್ ಕೂಡ ಸೇರಿದೆ.

ಇಂಡಿಯಾನಾಪೊಲಿಸ್‌ಗೆ ಬಂದಾಗ ಇದೇ ಕಾರಿನ ರೆಕ್ಕೆಗಳು ತೆಳ್ಳಗೆ, ಹೆಚ್ಚುಕಡಿಮೆ ಚಪ್ಪಟೆ ಆಗುತ್ತವೆ. ಎರಡೂವರೆ ಮೈಲಿಯ ಓವಲ್, ನಾಲ್ಕು ತಿರುವು, ಬ್ರೇಕ್ ಹಾಕುವ ಮಾತೇ ಇಲ್ಲ. 2024ರಲ್ಲಿ ಸ್ಕಾಟ್ ಮೆಕ್‌ಲಾಗ್ಲಿನ್ ಪೋಲ್ ಪಡೆದಾಗ ನಾಲ್ಕು ಲ್ಯಾಪ್‌ಗಳ ಸರಾಸರಿ ಗಂಟೆಗೆ ಸುಮಾರು 377 ಕಿ.ಮೀ. ಟಾಪ್ ಸ್ಪೀಡ್ ಅಲ್ಲ, ಸರಾಸರಿ! ಅರಿ ಲೌಯೆಂಡೈಕ್ 1996ರಲ್ಲಿ ಹಾಕಿದ 381 ಕಿ.ಮೀ. ಸರಾಸರಿಯ ದಾಖಲೆ ಅಷ್ಟು ವರ್ಷ ಕಳೆದರೂ ಆಗ ಮುರಿಯಲಿಲ್ಲ. ಇದನ್ನು ಮೊಂಜಾದ 264ರ ಪಕ್ಕ ಇಟ್ಟು ಇಂಡಿಕಾರ್ ಎಫ್1ಗಿಂತ ವೇಗ ಅನ್ನುವುದು ಮಾತ್ರ ತಪ್ಪು. ಟ್ರ್ಯಾಕೇ ಬೇರೆ.

ವೇಗಕ್ಕೆ ಮನುಷ್ಯನ ಮೈ ಒಂದು ಮಿತಿ ಹಾಕುತ್ತದೆ ಅನ್ನೋದು ಗೊತ್ತಾದದ್ದೂ ಓವಲ್‌ನಲ್ಲೇ. 2001ರ ಏಪ್ರಿಲ್‌ನಲ್ಲಿ ಟೆಕ್ಸಸ್ ಓವಲ್‌ನಲ್ಲಿ ಕಾರ್ಟ್ ರೇಸ್ ಇತ್ತು. ಕಡಿದಾದ ಇಳಿಜಾರಿನ ತಿರುವುಗಳಲ್ಲಿ ಐದು ಜಿಗೂ (ಮೈತೂಕದ ಐದು ಪಟ್ಟು) ಮೇಲಿನ ಒತ್ತಡ ಬಿಡುವಿಲ್ಲದೆ ಬಂದು, ಅಭ್ಯಾಸದಲ್ಲೇ ಹಲವು ಚಾಲಕರಿಗೆ ತಲೆ ತಿರುಗಿತು. ಸಂಘಟಕರು ರೇಸ್ ದಿನವೇ ಅದನ್ನು ರದ್ದು ಮಾಡಿದರು. ಎಫ್1ನಲ್ಲೂ ಐದು ಜಿ ಬರುತ್ತದೆ, ಆದರೆ ಒಂದೆರಡು ಸೆಕೆಂಡ್ ಬಂದು ಹೋಗುತ್ತದೆ.

ಇಂಡಿಕಾರ್‌ನಲ್ಲಿ ಪವರ್ ಸ್ಟೀರಿಂಗ್ ಇಲ್ಲ. ಎಫ್1ನಲ್ಲಿ ಇದೆ. ಎಫ್1ನಿಂದ ಹೋದ ಚಾಲಕರು ಮೊದಲು ಹೇಳುವ ಮಾತೇ ಇದು. ಉಬ್ಬುತಗ್ಗಿನ ಬೀದಿ ಟ್ರ್ಯಾಕ್‌ಗಳಲ್ಲಿ ಸ್ಟೀರಿಂಗ್ ಕೈಯನ್ನೇ ಕಿತ್ತುಕೊಳ್ಳುವ ಹಾಗೆ ಒದೆಯುತ್ತದೆ. ಕಾರಿನೊಳಗಿನ ಕ್ಯಾಮೆರಾದಲ್ಲಿ ನೋಡಿದರೆ ಚಾಲಕ ಪಡುವ ಕಷ್ಟ ಕಣ್ಣಿಗೆ ಕಾಣುತ್ತದೆ. ಎಫ್1ನಲ್ಲಿ ಆ ಕಷ್ಟ ಇದ್ದರೂ ಕಾಣುವುದಿಲ್ಲ. ಎಲ್ಲರಿಗೂ ಒಂದೇ ಕಾರು ಆದ್ದರಿಂದ ತಂಡಗಳು ತಮ್ಮ ಜಾಣತನ ತೋರಿಸಲು ಸಿಗುವ ಮುಖ್ಯ ಜಾಗ ಡ್ಯಾಂಪರ್‌ಗಳು (ಚಕ್ರದ ಕುಲುಕು ತಡೆಯುವ ಭಾಗಗಳು). ಹಾಗಾಗಿ ಅಂತರಗಳು ಚಿಕ್ಕವು. ಇಂಡಿ 500 ರೇಸ್ 200 ಲ್ಯಾಪ್, ಸುಮಾರು 805 ಕಿ.ಮೀ. ಅಷ್ಟು ದೂರ ಓಡಿ 2023ರಲ್ಲೂ 2024ರಲ್ಲೂ ಜೋಸೆಫ್ ನ್ಯೂಗಾರ್ಡನ್ ಗೆದ್ದದ್ದು ಕೊನೆಯ ಲ್ಯಾಪ್‌ನಲ್ಲಿ ಮುಂದಿನವರನ್ನು ದಾಟಿ.

ಸೂಪರ್ ಫಾರ್ಮುಲಾ: ನನ್ನ ಮೆಚ್ಚಿನ ಕಾರು

ನಮ್ಮಲ್ಲಿ ಇದನ್ನು ನೋಡುವವರು ತೀರಾ ಕಡಿಮೆ. ನನ್ನ ಮಟ್ಟಿಗೆ ಇದು ದೊಡ್ಡ ಅನ್ಯಾಯ. ಎಫ್1 ಬಿಟ್ಟರೆ ಒಂದು ಲ್ಯಾಪ್‌ನಲ್ಲಿ ಅತಿ ಚುರುಕಾದ ಕಾರು ಇದು. ಎಲ್ಲರಿಗೂ ಡಲಾರಾ ಚಾಸಿ, ಎಂಜಿನ್ ಮಾತ್ರ ಹೊಂಡಾ ಅಥವಾ ಟೊಯೊಟಾ. ಕಾರು ಒಂದೇ ಆದ್ದರಿಂದ ಚಾಲಕನ ಕೈಚಳಕ ಎದ್ದು ಕಾಣುತ್ತದೆ. ಹಿಂದಿಕ್ಕಲು ರೇಸ್‌ಗೆ ಒಟ್ಟು 200 ಸೆಕೆಂಡ್ ಹೆಚ್ಚುವರಿ ಬಲ ಸಿಗುತ್ತದೆ. ಯಾವಾಗ ಖರ್ಚು ಮಾಡಬೇಕು ಅನ್ನೋದು ಚಾಲಕನ ಲೆಕ್ಕ.

ನಾರಾಯಣ್ ಕಾರ್ತಿಕೇಯನ್ ಎಫ್1 ಮುಗಿಸಿ 2014ರಿಂದ 2018ರವರೆಗೆ ಇಲ್ಲಿ ಓಡಿದರು. ಪಿಯರ್ ಗ್ಯಾಸ್ಲಿ 2017ರಲ್ಲಿ ಇಲ್ಲಿದ್ದಾಗ, ಚಂಡಮಾರುತದಿಂದ ಕೊನೆಯ ರೇಸ್‌ಗಳು ರದ್ದಾಗಿ ಅರ್ಧ ಪಾಯಿಂಟ್‌ನಲ್ಲಿ ಚಾಂಪಿಯನ್ ಪಟ್ಟ ತಪ್ಪಿತು. ಲಿಯಾಮ್ ಲಾಸನ್ ಇಲ್ಲಿಂದಲೇ ಎಫ್1ಗೆ ಹೋದರು. ಅಲೆಕ್ಸ್ ಪಲೌ 2019ರಲ್ಲಿ ಇಲ್ಲಿ ಓಡಿ ಇಂಡಿಕಾರ್‌ಗೆ ಹೋದವರು 2021, 2023, 2024, 2025ರಲ್ಲಿ ಅಲ್ಲಿ ಚಾಂಪಿಯನ್ ಆದರು, 2025ರಲ್ಲಿ ಇಂಡಿ 500 ಕೂಡ ಗೆದ್ದರು. ಈ ಕಾರು ಚಾಲಕನಿಗೆ ಏನು ಕಲಿಸುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೊರತೆಯೂ ಇದೆ. ಡೌನ್‌ಫೋರ್ಸ್ ಜಾಸ್ತಿ ಇರುವ ಕಾರಾದ್ದರಿಂದ ಎಫ್1ನ ರೋಗ ಸ್ವಲ್ಪ ಇದಕ್ಕೂ ಇದೆ. ಒಣ ಟ್ರ್ಯಾಕ್‌ನಲ್ಲಿ ಹಿಂದಿಕ್ಕುವುದು ಕಷ್ಟ. ಹಾಗಾಗಿ ಇದರ ಕ್ವಾಲಿಫೈಯಿಂಗ್ ಬಿಡಬೇಡಿ, ಕಾರಿನ ನಿಜವಾದ ರೂಪ ಅಲ್ಲೇ ಕಾಣುವುದು.

ಎಫ್2, ಎಫ್3 ಮತ್ತು ರೆಕ್ಕೆಯಿಲ್ಲದ ಕಾರು

ಎಫ್2, ಎಫ್3 ಕಾರುಗಳನ್ನು ಬರೀ ವೇಗದ ಲೆಕ್ಕದಲ್ಲಿ ನೋಡುವುದು ಸರಿಯಲ್ಲ, ಅವು ಕಲಿಕೆಯ ಕಾರುಗಳು. ಎಫ್3 ಎಂಜಿನ್ 380 ಎಚ್‌ಪಿ, ಟರ್ಬೊ ಇಲ್ಲ. ಎಫ್2ನಲ್ಲಿ ಪಿರೆಲ್ಲಿ ಟೈರ್‌ನ್ನು ಉಳಿಸಿಕೊಂಡು ಓಡುವುದೇ ಅರ್ಧ ವಿದ್ಯೆ. ಮೆಟ್ಟಿಲು ಎಷ್ಟು ಎತ್ತರ ಅನ್ನೋದಕ್ಕೆ 2024ರ ಜೆಡ್ಡಾ ನೆನಪಿಸಿಕೊಳ್ಳಿ. ಆಲಿವರ್ ಬೇರ್‌ಮನ್ ಎಫ್2ನಲ್ಲಿ ಪೋಲ್ ಪಡೆದಿದ್ದರು. ಫೆರಾರಿಯ ಎಫ್1 ಚಾಲಕ ಕಾರ್ಲೋಸ್ ಸೈನ್ಜ್‌ಗೆ ಅಪೆಂಡಿಕ್ಸ್ ಆಪರೇಷನ್ ಆಗಿ, ಮರುದಿನವೇ ಅವರ ಬದಲು ಬೇರ್‌ಮನ್ ಆ ಕಾರಿನಲ್ಲಿ ಕೂರಬೇಕಾಯಿತು. 11ನೇ ಜಾಗದಿಂದ ಹೊರಟು ಏಳನೆಯವರಾಗಿ ಮುಗಿಸಿದರು.

ನಮಗೆ ಎಫ್2 ನೋಡಲು ಇನ್ನೊಂದು ಕಾರಣ ಇದೆ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದ ಎಫ್2 ಸ್ಪ್ರಿಂಟ್ ರೇಸ್ ಗೆದ್ದರು. ಅಲ್ಲಿ ಎಫ್2 ಗೆದ್ದ ಮೊದಲ ಭಾರತೀಯ ಅವರು. ಆ ರೇಸ್‌ನ ಕೊನೆಯ ಲ್ಯಾಪ್‌ಗಳನ್ನು ಒಮ್ಮೆ ಹುಡುಕಿ ನೋಡಿ.

ಇನ್ನೊಂದು ತುದಿಯಲ್ಲಿ ಬ್ರಿಟನ್ನಿನ ಫಾರ್ಮುಲಾ ಫೋರ್ಡ್ ಇದೆ. 1967ರಲ್ಲಿ ಶುರುವಾದದ್ದು. 1.6 ಲೀಟರ್ ಎಂಜಿನ್, ರೆಕ್ಕೆಯೇ ಇಲ್ಲ. ಎಲ್ಲ ಲೆಕ್ಕದಲ್ಲೂ ನಿಧಾನ. ಆದರೆ ಕದಡಲು ಗಾಳಿಯ ಒತ್ತಡವೇ ಇಲ್ಲದ್ದರಿಂದ ಕಾರುಗಳು ಅಕ್ಕಪಕ್ಕ ಅಂಟಿಕೊಂಡೇ ಓಡುತ್ತವೆ, ಒಂದು ಲ್ಯಾಪ್‌ನಲ್ಲಿ ಮುಂದಾಳು ಎರಡು ಮೂರು ಸಲ ಬದಲಾಗುವುದೂ ಉಂಟು. ಆಮೇಲೆ ಎಫ್1 ಚಾಂಪಿಯನ್ ಆದ ಐರ್ಟನ್ ಸೆನ್ನಾ 1981ರಲ್ಲಿ ಬ್ರಿಟನ್ನಿಗೆ ಬಂದು ಮೊದಲು ಗೆದ್ದದ್ದು ಈ ಕಾರಿನಲ್ಲೇ.

2026ರಲ್ಲಿ ಎಫ್1 ಬದಲಾಗಿದೆ

ಮೇಲಿನ ಎಫ್1 ಲೆಕ್ಕಗಳೆಲ್ಲ 2025ರವರೆಗಿನ ಕಾರಿನದ್ದು. 2026ರ ನಿಯಮದಲ್ಲಿ ಕನಿಷ್ಠ ತೂಕ 768 ಕಿಲೋಗೆ ಇಳಿದಿದೆ, ಅಗಲ 10 ಸೆಂಟಿಮೀಟರ್ ಕಡಿಮೆಯಾಗಿದೆ. ಬಲದಲ್ಲಿ ಹೆಚ್ಚುಕಡಿಮೆ ಅರ್ಧ ವಿದ್ಯುತ್ತಿನಿಂದ: ಎಂಜಿನ್ ಸುಮಾರು 400 ಕಿಲೋವಾಟ್, ಮೋಟಾರ್ 350 ಕಿಲೋವಾಟ್. ತಳದಿಂದ ಸಿಗುತ್ತಿದ್ದ ಡೌನ್‌ಫೋರ್ಸ್ ಕಡಿಮೆ ಮಾಡಿ, ನೇರ ರಸ್ತೆಯಲ್ಲಿ ರೆಕ್ಕೆಗಳೇ ತೆರೆದುಕೊಳ್ಳುವ ಹಾಗೆ ಮಾಡಿದ್ದಾರೆ. ಇಂಡಿಕಾರ್‌ಗೂ 2028ಕ್ಕೆ ಹೊಸ ಕಾರು ಬರಲಿದೆ. ಹಾಗಾಗಿ ಹಳೆಯ ವರ್ಷದ ಸಮಯ ಹಿಡಿದು ಹೊಸ ಕಾರಿನ ಬಗ್ಗೆ ವಾದ ಮಾಡಬೇಡಿ.

ಹಾಗಾದರೆ ಯಾವುದು ನೋಡುವುದು?

ಮನುಷ್ಯ ಕಟ್ಟಿದ ಕಾರು ಟ್ರ್ಯಾಕ್ ಮೇಲೆ ಎಷ್ಟು ದೂರ ಹೋಗಬಲ್ಲದು ಅನ್ನೋ ಕುತೂಹಲ ನಿಮ್ಮದಾದರೆ ಎಫ್1, ಅದರಲ್ಲೂ ಶನಿವಾರದ ಕ್ವಾಲಿಫೈಯಿಂಗ್. ಯುರೋಪಿನ ಹೆಚ್ಚಿನ ರೇಸ್‌ಗಳು ನಮ್ಮ ಸಮಯ ಭಾನುವಾರ ಸಂಜೆ 6:30ಕ್ಕೆ ಬರುತ್ತವೆ, ಮನೆಮಂದಿಯೆಲ್ಲ ಕೂತು ನೋಡಬಹುದು. ನಿಜವಾದ ಪೈಪೋಟಿ ಬೇಕಾದರೆ ಇಂಡಿಕಾರ್. ಅದಕ್ಕೆ ರಾತ್ರಿ ನಿದ್ದೆ ಬಿಡಬೇಕು. ಇಂಡಿ 500 ಮೇ ತಿಂಗಳಲ್ಲಿ, ನಮ್ಮಲ್ಲಿ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ. ವರ್ಷಕ್ಕೆ ಇದೊಂದು ರಾತ್ರಿ ನಿದ್ದೆ ಖಂಡಿತ ಬಿಡಿ. ಚಾಲಕನನ್ನೂ ಕಾರನ್ನೂ ಒಟ್ಟಿಗೆ ಮೆಚ್ಚಬೇಕು ಅನ್ನುವವರಿಗೆ ಸೂಪರ್ ಫಾರ್ಮುಲಾ. ಜಪಾನಿನ ಮಧ್ಯಾಹ್ನ ಅಂದರೆ ನಮಗೆ ಬೆಳಗಿನ ಹನ್ನೊಂದರ ಸುಮಾರು, ಎಲ್ಲಕ್ಕಿಂತ ಅನುಕೂಲದ ಹೊತ್ತು. ತಂತ್ರ, ಲೆಕ್ಕಾಚಾರ ಇಷ್ಟವಾದರೆ ಫಾರ್ಮುಲಾ ಇ. ಎಲ್ಲವನ್ನೂ ಹಿಂಬಾಲಿಸಲು ಹೋಗಬೇಡಿ, ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ಎರಡು ಆರಿಸಿ. ನನ್ನನ್ನು ಕೇಳಿದರೆ ಎಫ್1 ಕ್ವಾಲಿಫೈಯಿಂಗ್ ಮತ್ತು ಇಂಡಿಕಾರ್ ರೇಸ್‌ಗಳು; ಅದರ ಮೇಲೆ, ಸುಜುಕಾದಲ್ಲಿ ರೇಸ್ ಇದ್ದಾಗ ಮಾತ್ರ ಸೂಪರ್ ಫಾರ್ಮುಲಾ.

ನೋಡುವುದಷ್ಟೇ ಅಲ್ಲ, ಓಡಿಸಬೇಕು ಅನ್ನುವ ಮಕ್ಕಳು ಮನೆಯಲ್ಲಿದ್ದರೆ ದಾರಿ ಕಾರ್ಟಿಂಗ್‌ನಿಂದ (ಚಿಕ್ಕ ಗೋ-ಕಾರ್ಟ್ ಓಡಿಸುವುದರಿಂದ) ಶುರು. ಬೆಂಗಳೂರಿನಲ್ಲೇ ಕಾರ್ಟಿಂಗ್ ಟ್ರ್ಯಾಕ್‌ಗಳಿವೆ. ಆಮೇಲೆ ಕೊಯಮತ್ತೂರಿನ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮಾರುತಿ ಎಂಜಿನ್ ಹಾಕಿ ಕಡಿಮೆ ಖರ್ಚಿನ ಫಾರ್ಮುಲಾ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು. ಅಲ್ಲಿ ಓಡುವ ಎಲ್‌ಜಿಬಿ ಫಾರ್ಮುಲಾ 4 ಕಾರಿನಲ್ಲಿ ಮಾರುತಿ ಸುಜುಕಿಯ 1.3 ಲೀಟರ್ ಎಂಜಿನ್ ಇದೆ. ಹೆಸರಲ್ಲಿ ಫಾರ್ಮುಲಾ 4 ಇದ್ದರೂ ವಿಶ್ವ ಮೋಟಾರ್ ಕ್ರೀಡೆಯ ಸಂಸ್ಥೆ ಎಫ್‌ಐಎ ನಿಯಮದ ಎಫ್4 ಬೇರೆಯದೇ. 2023ರಲ್ಲಿ ಶುರುವಾದ ಭಾರತದ ಎಫ್4 ಸರಣಿಯಲ್ಲಿ ಮಿಗಾಲ್ ಚಾಸಿ, ಅಲ್ಪೀನ್ ಟರ್ಬೊ ಎಂಜಿನ್ ಇರುತ್ತದೆ, ಖರ್ಚೂ ಬೇರೆ ಮಟ್ಟದ್ದು. ಇಂಡಿಯನ್ ರೇಸಿಂಗ್ ಲೀಗ್‌ನಲ್ಲಿ ಓಡುವ ವುಲ್ಫ್ ಕಾರುಗಳ ಚಕ್ರ ಬಾಡಿಯೊಳಗೆ ಮುಚ್ಚಿರುತ್ತದೆ, ಅದು ಈ ಸಾಲಿಗೆ ಬರುವುದಿಲ್ಲ. ಹಣ ಕಟ್ಟುವ ಮೊದಲು ಯಾವ ಕಾರು, ಎಷ್ಟು ರೇಸ್, ಟೈರ್ ಮತ್ತು ಅಪಘಾತದ ರಿಪೇರಿ ಖರ್ಚು ಯಾರದ್ದು ಅಂತ ತಂಡದವರಿಂದ ಬರೆಸಿಕೊಳ್ಳಿ. ಮಗು ಯಾವ ಸರಣಿಗೆ ಸೇರುತ್ತದೋ ಅದಕ್ಕೆ ತಕ್ಕ ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಕ್ರೀಡೆಯ ಸಂಸ್ಥೆ) ಲೈಸೆನ್ಸ್ ಮಾಡಿಸುವುದು ಅದರ ನಂತರದ ಕೆಲಸ.